ಎದುರು ಮನೆಯ ಚಕ್ಕುಲಿ

ನಮ್ಮ ಎದುರು ಮನೆಯಾಕೆಯನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದು ಸಲೀಸು. ಆಕೆ ಒಳ್ಳೆಯವಳು. ಕೆಟ್ಟವಳಾಗಿದ್ದರೆ ನನಗೆ ಇಷ್ಟು ಕಷ್ಟವಿರಲಿಲ್ಲ, ನಾಲ್ಕು ಮಾತು ಬೈದುಕೊಂಡು ಹಾಯಾಗಿರುತ್ತಿದ್ದೆ.

ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ, ಎಂಐಡಿಸಿ ಕೈಗಾರಿಕಾ ಪ್ರದೇಶದ ವಸತಿ ಭಾಗದಲ್ಲಿ ನಮ್ಮದು ಹಳೆಯ ಕಟ್ಟಡ. ಮೂರನೆಯ ಮಹಡಿಯಲ್ಲಿ ಎದುರುಬದುರಾಗಿ ಎರಡು ಕನ್ನಡದ ಮನೆ. ನಾವು ಮೈಸೂರಿನವರು, ಅವರು ಉಡುಪಿ ಕಡೆಯವರು. ಆಕೆಯ ಗಂಡನಿಗೆ ಕಲ್ಯಾಣದಲ್ಲಿ ಹೋಟೆಲು; ಆಕೆ ಮನೆಯಲ್ಲೇ ಇರುತ್ತಾಳೆ. ನಾನು ಬೆಳಿಗ್ಗೆ ಲೋಕಲ್ ಹಿಡಿದು ಠಾಣೆಯ ಆಫೀಸಿಗೆ ಹೋದರೆ ಮನೆ ಸೇರುವಾಗ ಏಳು ಗಂಟೆ. ಅಲ್ಲಿಯವರೆಗೂ ನನ್ನ ಹದಿಮೂರು ವರ್ಷದ ಮಗಳು ಆಕೆಯ ಮನೆಯಲ್ಲಿ. ಆಕೆ ಒಂದು ದಿನವೂ ಬೇಸರಪಟ್ಟುಕೊಂಡವಳಲ್ಲ. ಅದಕ್ಕೆ ನಾನು ಋಣಿಯಾಗಿರಬೇಕಿತ್ತು, ಅಲ್ಲವೇ? ಇದ್ದೆ ಕೂಡ, ಆ ಜ್ವರದ ದಿನದವರೆಗೆ.

ನನ್ನ ಮಗಳು ಕನ್ನಡದಲ್ಲಿ ಕೇಳಿದ್ದಕ್ಕೆ ಹಿಂದಿಯಲ್ಲಿ ಉತ್ತರ ಕೊಡುವವಳು. ಇಲ್ಲಿ ಹುಟ್ಟಿದ ಮಕ್ಕಳೆಲ್ಲ ಹೀಗೇ, ಅರ್ಥವಾದರೆ ಸಾಕು ಎಂದು ಸಮಾಧಾನ ಮಾಡಿಕೊಂಡಿದ್ದೆ. ಗಣೇಶನ ಹಬ್ಬ ಕಳೆದ ಮೇಲೆ ಒಂದು ದಿನ ಮೈ ಬಿಸಿಯಾಗಿ ಮಧ್ಯಾಹ್ನವೇ ಮನೆಗೆ ಬಂದೆ. ಎದುರು ಮನೆಯ ಬಾಗಿಲು ಅರ್ಧ ತೆರೆದಿತ್ತು. ಒಳಗಿಂದ ನನ್ನ ಮಗಳ ದನಿ, ಕನ್ನಡದಲ್ಲಿ! ನಾಳೆ ಪರೀಕ್ಷೆ ಉಂಟಂತೆ, ತನಗೆ ಎಂತದೂ ಬರುವುದಿಲ್ಲವಂತೆ, ಟೀಚರು ಹೀಗಂತೆ, ಗೆಳತಿ ಹಾಗಂತೆ. ಪುಂಖಾನುಪುಂಖ. ನಾನು ಕೀಲಿಕೈ ಹಿಡಿದುಕೊಂಡು ಮೆಟ್ಟಿಲ ಬಳಿ ನಿಂತೇ ಇದ್ದೆ. ಹೆತ್ತವಳು ನಾನು, ಮಾತು ಅಲ್ಲಿ. ಜ್ವರಕ್ಕಿಂತ ಹೆಚ್ಚಾಗಿ ಮೈಯೆಲ್ಲ ಉರಿಯಿತು. ಮಗಳನ್ನೂ ಕೇಳಲಿಲ್ಲ, ಆಕೆಯನ್ನೂ ಕೇಳಲಿಲ್ಲ. ಒಳಗೆ ಹೋಗಿ ಮಾತ್ರೆ ನುಂಗಿ ಮಲಗಿದೆ.

ಆಮೇಲೆ ಆಕೆ ಮಾಡಿದ್ದೆಲ್ಲ ನನ್ನ ಕಣ್ಣಿಗೆ ಚುಚ್ಚತೊಡಗಿತು. ಮಗಳಿಗೆ ಜಡೆ ಹಾಕಿದರೆ ಚುಚ್ಚಿತು. ನೀರುದೋಸೆ ಕಟ್ಟಿ ಕಳಿಸಿದರೆ, ನಾನೇನು ಮಗಳನ್ನು ಉಪವಾಸ ಕೆಡವಿದ್ದೇನೆಯೇ ಎಂದುಕೊಂಡೆ. ಆದರೂ ಬಾಯಲ್ಲಿ ಥ್ಯಾಂಕ್ಸ್ ಹೇಳುತ್ತಿದ್ದೆ, ಇಸ್ತ್ರಿ ಮಾಡಿದಂಥ ಥ್ಯಾಂಕ್ಸು.

ದೀಪಾವಳಿ ಬಂತು. ನಮ್ಮ ಕಟ್ಟಡದಲ್ಲಿ ಫರಾಳದ, ಅಂದರೆ ಹಬ್ಬದ ತಿಂಡಿಯ, ತಟ್ಟೆಗಳು ಮನೆಯಿಂದ ಮನೆಗೆ ತಿರುಗುತ್ತವೆ. ಚಕ್ಕುಲಿ, ಉಂಡೆ, ಅವಲಕ್ಕಿ, ಕರಂಜಿ. ಮೇಲೊಂದು ಕ್ರೋಶಾ ಹೆಣಿಗೆಯ ಕರವಸ್ತ್ರ. ಯಾರ ಮನೆಯದು ಗರಿಗರಿ, ಯಾರ ಮನೆಯದು ಮೆತ್ತಗೆ ಎಂಬ ತೀರ್ಪು ಲಿಫ್ಟಿನಲ್ಲಿ ಆಗುತ್ತದೆ. ಪ್ರತಿವರ್ಷ ಗೆಲ್ಲುವುದು ಎದುರು ಮನೆ. ನಾನು ಪ್ರತಿವರ್ಷ ಅಂಗಡಿಯದನ್ನು ತಂದು ತಟ್ಟೆಗಿಡುವವಳು. ಈ ಸಲ ನೋಡೇಬಿಡೋಣ ಎಂದು ಒಂದು ದಿನ ರಜೆ ಹಾಕಿದೆ.

ಚೆನ್ನಾಗಿ ಬರಲಿ ಎಂದು ಬೆಣ್ಣೆಯನ್ನು ಧಾರಾಳವಾಗಿ ಸುರಿದೆ. ಅದೇ ಯಡವಟ್ಟಾಯಿತು. ಎಣ್ಣೆಗೆ ಬಿಟ್ಟ ಚಕ್ಕುಲಿ ಸುತ್ತು ಬಿಚ್ಚಿಕೊಂಡು ನೊರೆಯೆದ್ದು ಪುಡಿಪುಡಿಯಾಯಿತು. ಎರಡನೆಯದೂ ಹಾಗೇ. ಮೂರನೆಯದಕ್ಕೆ ನನಗೆ ಅಳುವೇ ಬಂತು. ಮಗಳು ಅಡುಗೆಮನೆಯ ಬಾಗಿಲಲ್ಲಿ ಇಣುಕಿ ನೋಡಿ ಹೊರಗೆ ಹೋದಳು. ಸಂಜೆಗೆ ಎದುರು ಮನೆಯಿಂದ ದೊಡ್ಡ ಸ್ಟೀಲ್ ಡಬ್ಬ ಬಂತು, ತುಂಬ ಚಕ್ಕುಲಿ. ಹಬ್ಬಕ್ಕೆ ನಮ್ಮದೇ ಹೆಚ್ಚಾಯಿತು, ಮಗುವಿಗೆ ಇರಲಿ ಎಂದಳು. ಹೆಚ್ಚಾದದ್ದೆಲ್ಲಿ, ನಮ್ಮ ಮನೆಯ ಸುದ್ದಿ ಹೋಗಿದ್ದರಿಂದ ಬಂದದ್ದು.

ಈಗ ನಾನು ಮಾಡಿದ ಕೆಲಸ ಕೇಳಿ. ಮರುದಿನ ಬೆಳಿಗ್ಗೆ ಆ ಚಕ್ಕುಲಿಗಳನ್ನೇ ತಟ್ಟೆಗಳಲ್ಲಿ ಜೋಡಿಸಿ, ಕರವಸ್ತ್ರ ಮುಚ್ಚಿ, ಮಹಡಿ ಮಹಡಿ ಹತ್ತಿಳಿದು ಹಂಚಿದೆ. ನಾನು ಮಾಡಿದ್ದು ಎಂದು ಬಾಯಿಬಿಟ್ಟು ಹೇಳಲಿಲ್ಲ. ಅಲ್ಲ ಎಂದೂ ಹೇಳಲಿಲ್ಲ. ಎದುರು ಮನೆಗೆ ಮಾತ್ರ ಬರೀ ರವೆ ಉಂಡೆ ಕೊಟ್ಟೆ. ಅಷ್ಟು ಬುದ್ಧಿ ಇತ್ತು.

ಪಾಡ್ವದ, ಅಂದರೆ ಬಲಿಪಾಡ್ಯಮಿಯ, ಸಂಜೆ ಕಟ್ಟಡದ ಕೆಳಗೆ ಎಲ್ಲರೂ ಸೇರುವುದು ವಾಡಿಕೆ. ಈ ಸಲ ಸೆಕ್ರೆಟರಿಯ ಹೆಂಡತಿ ವಾಟ್ಸಾಪಿನಲ್ಲಿ ಹೊಸ ಅಪ್ಪಣೆ ಹೊರಡಿಸಿದ್ದರು. ಪ್ರತಿಯೊಬ್ಬರೂ ಎದ್ದು ನಿಂತು, ಈ ವರ್ಷ ತಮಗೆ ಒಳ್ಳೆಯದು ಮಾಡಿದ ಒಬ್ಬರಿಗೆ ಥ್ಯಾಂಕ್ಸ್ ಹೇಳಬೇಕು. ಭಾಷೆ ಯಾವುದಾದರೂ ಸರಿ. ನಾನು ಹೋಗಿ ಕುರ್ಚಿಯಲ್ಲಿ ಕೂತಿದ್ದೇ ತಡ, ಎರಡನೇ ಮಹಡಿಯ ಮರಾಠಿ ಆಜಿ ನನ್ನ ಕೈ ಹಿಡಿದುಕೊಂಡರು. ತಮ್ಮ ಹಲ್ಲಿಗೂ ಬಗ್ಗುವಂಥ ಚಕ್ಕುಲಿಯನ್ನು ಇಷ್ಟು ವರ್ಷದಲ್ಲಿ ತಿಂದಿರಲಿಲ್ಲವಂತೆ, ಹಿಟ್ಟಿನ ಅಳತೆ ಹೇಳಬೇಕಂತೆ. ಸುತ್ತಲಿನವರೆಲ್ಲ ಹೌದು ಹೌದು ಎಂದರು. ಎದುರು ಮನೆಯಾಕೆ ನನ್ನ ಪಕ್ಕದಲ್ಲೇ ಕೂತಿದ್ದಳು. ಅವಳಾಚೆ ನನ್ನ ಮಗಳು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ನನ್ನ ಕೈ ನಿಜಕ್ಕೂ ಹೆಗಲಿಗೆ ಹೋಯಿತು. ಆಕೆ ಒಂದು ಕ್ಷಣ ನನ್ನನ್ನು ನೋಡಿದಳು. ಆಮೇಲೆ ಆಜಿಗೆ ಮರಾಠಿಯಲ್ಲಿ ಹೇಳಿದಳು: ಇವರಿಗೆ ಆಫೀಸಿನಿಂದ ಬಂದು ಸುಸ್ತಾಗಿರುತ್ತದೆ, ಅಳತೆ ನಾನು ಬರೆದು ಕೊಡುತ್ತೇನೆ, ನನಗೂ ಗೊತ್ತು. ಆಜಿ ಒಪ್ಪಿಕೊಂಡರು. ಮಗಳು ತಲೆ ತಗ್ಗಿಸಿ ಚಪ್ಪಲಿ ನೋಡುತ್ತಿದ್ದಳು.

ಆಕೆ ನನ್ನ ಮಾನ ಉಳಿಸಿದಳು. ನನಗೆ ಬಂದದ್ದು ಮಾತ್ರ ಸಿಟ್ಟು. ಇದರಲ್ಲೂ ನೀನೇ ಗೆಲ್ಲಬೇಕೇ ಎಂಬ ಸಿಟ್ಟು. ನನ್ನ ಸರದಿ ಬಂದಾಗ ಎದ್ದು ನಿಂತು ವಾಚ್‌ಮನ್‌ಗೆ ಥ್ಯಾಂಕ್ಸ್ ಹೇಳಿ ಕೂತೆ. ಎಲ್ಲರೂ ಚಪ್ಪಾಳೆ ಹೊಡೆದರು, ಆಕೆಯೂ ಹೊಡೆದಳು.

ನಂತರ ನನ್ನ ಮಗಳು ಎದ್ದಳು. ನನಗೇ ಹೇಳುತ್ತಾಳೆ ಎಂದು ನಾನು ಸೆರಗು ಸರಿಮಾಡಿಕೊಂಡೆ; ಹೆತ್ತ ತಾಯಿ, ಇನ್ಯಾರಿಗೆ ಹೇಳಬೇಕು? ಅವಳು ನನ್ನ ಕಡೆ ತಿರುಗಲಿಲ್ಲ.

"ಆಂಟಿ, ನಾನು ತಪ್ಪು ತಪ್ಪು ಮಾತಾಡಿದ್ರೂ ನೀವು ನಗುದಿಲ್ಲ. ಅದಕ್ಕೆ ಥ್ಯಾಂಕ್ಸ್."

ಕನ್ನಡದಲ್ಲಿ ಹೇಳಿದಳು. ಅಲ್ಲಿದ್ದವರಿಗೆ ಥ್ಯಾಂಕ್ಸ್ ಒಂದು ಬಿಟ್ಟು ಏನೂ ತಿಳಿಯಲಿಲ್ಲ, ಮುದ್ದಾಗಿದೆ ಎಂದು ಚಪ್ಪಾಳೆ ತಟ್ಟಿದರು. ತಿಳಿದದ್ದು ನಮ್ಮಿಬ್ಬರಿಗೆ ಮಾತ್ರ, ಆಕೆಗೆ ಮತ್ತು ನನಗೆ.

ಮಗಳಿಗೆ ಆರು ವರ್ಷವಿದ್ದಾಗ ಮೈಸೂರಿನಿಂದ ನನ್ನಮ್ಮ ಬಂದರು. ಇವಳು ಬಾಗಿಲು ತೆಗೆದು "ಅಜ್ಜಿ ಬಂದ" ಎಂದಳು. ನಾನು ಬಿದ್ದು ಬಿದ್ದು ನಕ್ಕೆ. ನಗು ಅಲ್ಲಿಗೇ ನಿಲ್ಲಲಿಲ್ಲ. ಅಕ್ಕನಿಗೆ ವಿಡಿಯೊ ಕಾಲ್ ಮಾಡಿ, ಪುಟ್ಟಿ, ಅದನ್ನು ಇನ್ನೊಂದು ಸಲ ಹೇಳು ಎಂದು ಹೇಳಿಸಿದೆ. ಚಿಕ್ಕಮ್ಮನ ಮಗಳ ಮದುವೆಯಲ್ಲಿ ಇಪ್ಪತ್ತು ಜನರ ಮುಂದೆ ಹೇಳಿಸಿದೆ. ಪ್ರೀತಿಯಿಂದಲೇ ಮಾಡಿದ್ದು, ಎಲ್ಲ ತಾಯಂದಿರೂ ಮಾಡುವುದೇ. ಅವಳು ಕನ್ನಡ ನಿಲ್ಲಿಸಿದ್ದು ಯಾವಾಗ ಎಂದು ನಾನು ಎಣಿಸಿರಲಿಲ್ಲ. ಆ ಕುರ್ಚಿಯಲ್ಲಿ ಕೂತಾಗ ತಾನಾಗಿ ಲೆಕ್ಕ ಸಿಕ್ಕಿತು: ಆ ಮದುವೆಯಾದ ಮೇಲೆ.

ಮರುದಿನ, ಇಲ್ಲಿಯವರು ಭಾವುಬೀಜ ಎನ್ನುವ ಅಣ್ಣತಂಗಿಯರ ಹಬ್ಬದ ಬೆಳಿಗ್ಗೆ, ಎದುರು ಮನೆಗೆ ಹೋದೆ. ಆಕೆ ತೆಂಗಿನಕಾಯಿ ತುರಿಯುತ್ತಿದ್ದಳು. ಚಕ್ಕುಲಿ ನಿಮ್ಮದು ಅಂತ ನಾನು ಹೇಳಬೇಕಿತ್ತು, ತಪ್ಪಾಯಿತು ಎಂದೆ. ಆಕೆ ತಲೆಯೆತ್ತಲಿಲ್ಲ.

"ಕೊಟ್ಟ ಮೇಲೆ ಅದು ನಿಮ್ಮದೇ ಅಲ್ವಾ ಅಕ್ಕ? ಅದೆಂತ ದೊಡ್ಡ ವಿಷಯ. ಕೂತ್ಕೊಳ್ಳಿ, ಚಾ ಮಾಡ್ತೇನೆ."

ಮಗಳ ವಿಷಯಕ್ಕೂ ಥ್ಯಾಂಕ್ಸ್ ಹೇಳಬೇಕೆಂದು ಹೋಗಿದ್ದೆ. ಅದನ್ನು ಹೇಳಲಾಗಲಿಲ್ಲ. ಚಾ ಕುಡಿದೆ, ಚೆನ್ನಾಗಿತ್ತು, ಅದಕ್ಕೂ ಹೊಟ್ಟೆ ಉರಿಯಿತು. ಹಬ್ಬ ಬಂದಿತು, ಮನಸ್ಸು ಶುದ್ಧವಾಯಿತು ಎಂದು ಬರೆದರೆ ಸುಳ್ಳಾಗುತ್ತದೆ.

ಮನೆಗೆ ಬಂದಾಗ ಮಗಳು ಸ್ನಾನ ಮುಗಿಸಿ ಕೂದಲು ಒರೆಸಿಕೊಳ್ಳುತ್ತಿದ್ದಳು. ಎಲ್ಲಿಗೆ ಹೋಗಿದ್ದೆ ಎಂದು ಹಿಂದಿಯಲ್ಲಿ ಕೇಳಿದಳು. ಆಂಟಿ ಮನೆಗೆ, ತಪ್ಪೊಪ್ಪಿಕೊಳ್ಳುವುದಕ್ಕೆ ಎಂದೆ. ಅವಳು ಟವೆಲು ಕೆಳಗಿಟ್ಟಳು. ಒಂದೊಂದೇ ಮಾತು ಹುಡುಕಿಕೊಂಡು ಹೇಳಿದಳು.

"ಅಮ್ಮ, ನಂಗೆ ಹಸಿವು ಬಂದ."

ಹೇಳಿ, ನನ್ನ ತುಟಿಗಳನ್ನೇ ನೋಡುತ್ತಾ ನಿಂತಳು.