ಕತ್ತಿನ ಮೇಲಿನ ಬಸವನಹುಳು

ಬೀದಿಯವರಿಗೆಲ್ಲ ಅವಳು ಲೇಬಲ್ ಅಕ್ಕ. ಮನೆಯ ಮುಂದಿನ ಕೋಣೆಯೇ ಅವಳ ಪ್ರೆಸ್ಸು. ಒಂದು ಉದ್ದನೆಯ ಮೇಜು, ಮರದ ಚೌಕಟ್ಟಿಗೆ ಬಿಗಿದ, ಅಚ್ಚು ಹಾಕುವ ಸ್ಕ್ರೀನುಗಳು, ಬಣ್ಣ ಮೆತ್ತಿ ಮುಚ್ಚಳ ಗಟ್ಟಿಯಾದ ಡಬ್ಬಿಗಳು, ಹಗ್ಗದ ಮೇಲೆ ಬಟ್ಟೆಯಂತೆ ಒಣಗುವ ಕಾಗದದ ಚೀಲಗಳು. ಬಟ್ಟೆ ಅಂಗಡಿಗಳಿಗೆ ಚೀಲ, ಟ್ಯಾಗು, ಲೇಬಲ್ ಅಚ್ಚು ಹಾಕಿಕೊಡುವುದು ಅವಳ ಕಸುಬು. ಇಷ್ಟು ವರ್ಷ ಬೇರೆಯವರು ಬರೆದು ತಂದದ್ದನ್ನೇ ಅಚ್ಚು ಹಾಕಿದ್ದಳು.

ಅವಳದೊಂದು ಪದ್ಧತಿ ಇತ್ತು. ಕೊರಳಪಟ್ಟಿಯೊಳಗೆ ಹೊಲಿಯುವ ಪುಟ್ಟ ಲೇಬಲ್ ಯಾರದೇ ಇರಲಿ, ಮೊದಲನೆಯದನ್ನು ತನ್ನ ಅಂಗಿಗೇ ಹೊಲಿದುಕೊಂಡು ಒಂದು ದಿನ ಓಡಾಡುವಳು. ಚುಚ್ಚುವುದೇನಿದ್ದರೂ ಮೊದಲು ತನಗೇ ಚುಚ್ಚಲಿ ಎಂದು. ಅತ್ತೆಗೆ ಅದೊಂದು ತಮಾಷೆ.

"ಇರೋ ಅಂಗಡಿಗಳನ್ನೆಲ್ಲ ಬೆನ್ನಿಗೆ ಹೊತ್ಕೊಂಡು ತಿರುಗ್ತೀಯ. ಬಾಡಿಗೆಯಾದ್ರೂ ಕೇಳಬಾರದೇನೇ?"

ಮೂಲೆಮನೆಯ ದರ್ಜಿ ಹುಡುಗಿ ಮಕ್ಕಳ ಬಟ್ಟೆಯ ಅಂಗಡಿ ತೆರೆಯಲು ಹೊರಟಾಗ ಬರಿಗೈಯಲ್ಲಿ ಬಂದು ನಿಂತಳು. "ಗುರುತು ಏನಿರಬೇಕು ಅಂತ ನಂಗೇ ಗೊತ್ತಿಲ್ಲ ಅಕ್ಕಾ. ನೀವೇ ಬರೆದುಕೊಡಿ."

ಆ ಮಾತನ್ನು ಅವಳಿಗೆ ಅಲ್ಲಿಯವರೆಗೆ ಯಾರೂ ಆಡಿರಲಿಲ್ಲ.

ಎಷ್ಟೋ ಹಾಳೆ ಹರಿದಳು. ಒಂದು ಮಧ್ಯಾಹ್ನ ಮೇಜಿನ ಮೇಲೆ ಬಿದ್ದಿದ್ದ ಗುಂಡಿಯ ಸುತ್ತ ಪೆನ್ಸಿಲ್ ಆಡಿಸುತ್ತಿದ್ದವಳು ಅದಕ್ಕೊಂದು ಮೈ ಬರೆದಳು, ಎರಡು ಕೊಂಬು ಮೂಡಿಸಿದಳು. ಗುಂಡಿಯನ್ನೇ ಚಿಪ್ಪು ಮಾಡಿಕೊಂಡ ಬಸವನಹುಳು. ಅದು ಹೋದ ದಾರಿಯಲ್ಲೆಲ್ಲ ನೀಲಿ ದಾರದ ಗೆರೆ. ಟ್ಯಾಗಿನ ಮೇಲೆ ಆ ಗೆರೆ ತೂತಿನವರೆಗೆ ಬಂದು ನಿಲ್ಲುತ್ತದೆ. ಅಲ್ಲಿಂದ ನಿಜವಾದ ನೀಲಿ ದಾರ ಶುರುವಾಗುತ್ತದೆ. ಚೀಲದ ಮೇಲೆ ಗೆರೆ ಒಂದು ಸುತ್ತು ಹಾಕಿ ಹುಳುವಿನ ಹತ್ತಿರಕ್ಕೇ ಮರಳುತ್ತದೆ.

"ಬಸವನಹುಳು ಹಾಕಿದ್ರೆ ಬಟ್ಟೆ ನಿಧಾನಕ್ಕೆ ಕೊಡ್ತಾರೆ ಅಂದ್ಕೊಳ್ಳಲ್ವೇನೇ ಜನ?" ಅಂದರು ಅತ್ತೆ.

"ಈಗಲೂ ಹಾಗೇ ಅಂತಾರೆ ಅಮ್ಮ," ಎಂದು ದರ್ಜಿ ಹುಡುಗಿ ನಕ್ಕಳು.

ಆ ಖುಷಿಯಲ್ಲಿ ಲೇಬಲ್ ಅಕ್ಕನಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಚೀಲ, ಟ್ಯಾಗುಗಳ ಜೊತೆಗೆ ಕೊರಳಿನ ಲೇಬಲನ್ನೂ ಪೂರ್ತಿ ಅಚ್ಚು ಹಾಕಿ ಮುಗಿಸಿ, ಆಮೇಲೆ ಒಂದನ್ನು ತನ್ನ ಅಂಗಿಗೆ ಹೊಲಿದುಕೊಂಡಳು.

ಮರುದಿನ ಬೆಳಿಗ್ಗೆ ಅವಳಿಗೆ ಜಡೆ ಹಾಕುತ್ತಿದ್ದ ಅತ್ತೆಯ ಕೈ ನಿಂತಿತು. "ನಿನ್ನ ಹುಳ ಮನೆ ಬದಲಾಯಿಸಿದೆ ಕಣೇ."

ಎರಡು ಕನ್ನಡಿ ಹಿಡಿದು ನೋಡಿಕೊಂಡಳು. ಕತ್ತಿನ ಮೇಲೆ ನೀಲಿ ಬಸವನಹುಳು, ಹಿಂದುಮುಂದಾಗಿ, ಹಾಯಾಗಿ ಕೂತಿತ್ತು. ಅವಳಿಗೆ ತಕ್ಷಣ ಅರ್ಥವಾಯಿತು. ಹೊಳಪು ಇರಲಿ ಎಂದು ಸ್ಯಾಟಿನ್ ಪಟ್ಟಿ ಆರಿಸಿದ್ದಳು. ಅದು ಮುದುಡೀತೆಂದು ಇಸ್ತ್ರಿಯನ್ನು ಹಗುರವಾಗಿ ಆಡಿಸಿದ್ದಳು. ಬಿಸಿ ಸಾಲದೆ ಬಣ್ಣ ಕಚ್ಚಿರಲಿಲ್ಲ, ಬೆವರಿಗೆ ಬಿಟ್ಟುಕೊಂಡಿತ್ತು.

"ಯಾರು ಕತ್ತು ತಿರುಗಿಸಿ ನೋಡ್ತಾರೆ? ಕೊಟ್ಟುಬಿಡು," ಅಂದರು ಅತ್ತೆ.

"ಮಕ್ಕಳ ಕತ್ತು ಅತ್ತೆ."

ನೇರ ದರ್ಜಿಯ ಮನೆಗೆ ಹೋದಳು. ಬೆನ್ನು ತಿರುಗಿಸಿ ಜಡೆ ಎತ್ತಿದಳು. ಹುಡುಗಿಯ ನಗು ಅರ್ಧಕ್ಕೆ ನಿಂತಿತು.

"ನಾಡಿದ್ದು ಅಂಗಡಿ ತೆಗೀಬೇಕು ಅಕ್ಕಾ."

"ತಪ್ಪು ನಂದು. ಹತ್ತಿ ಪಟ್ಟಿ ಮೇಲೆ ಮತ್ತೆ ಹಾಕ್ತೀನಿ. ಹೊಳೆಯಲ್ಲ, ಆದ್ರೆ ಬಿಸಿ ತಡ್ಕೊಳುತ್ತೆ, ಮೆತ್ತಗಿರುತ್ತೆ. ಇವತ್ತು ಒಂದನ್ನ ಹಾಕ್ಕೊಂಡು ನೋಡ್ತೀನಿ. ಬಣ್ಣ ನಿಂತರೆ ಉಳಿದದ್ದೆಲ್ಲ ನಾಳೆ."

"ನಿಲ್ಲದಿದ್ರೆ?"

"ನಿಲ್ಲದಿದ್ರೆ ಹುಳ ಇಲ್ಲದೆ ಅಂಗಡಿ ತೆಗಿ. ನಾನೇ ಬೇಡ ಅಂತೀನಿ."

ಮೊದಲ ಹತ್ತಿ ಲೇಬಲ್ ಇಸ್ತ್ರಿಯ ಕೆಳಗಿಂದ ಬಂದಾಗ ಅವಳು ಸೂಜಿಗೆ ದಾರ ಪೋಣಿಸಿ ತನ್ನ ಅಂಗಿ ಎಳೆದುಕೊಂಡಳು. ಅತ್ತೆ ಬಾಗಿಲಲ್ಲಿ ನಿಂತಿದ್ದರು.

"ನಿನ್ನ ಕತ್ತು ಆಗಲೇ ನೀಲಿ. ಹೊಸದು ಬಣ್ಣ ಬಿಟ್ರೆ ಗೊತ್ತಾಗೋದು ಹೇಗೆ? ತಾ ಇಲ್ಲಿ, ನನ್ನದಕ್ಕೆ ಹೊಲಿ."

ಆ ದಿನ ಅತ್ತೆ ಕೂತಲ್ಲಿ ಕೂರಲಿಲ್ಲ. ಮಹಡಿ ಹತ್ತಿದರು, ಇಳಿದರು. ಒಲೆಯ ಮುಂದೆ ಬೇಕೆಂದೇ ನಿಂತರು. ಬೆವರು ಸಾಲದೆಂದು ಕೊರಳಪಟ್ಟಿಗೆ ನೀರು ಚಿಮುಕಿಸಿಕೊಂಡರು. ಸಂಜೆ ಕಿಟಕಿಯ ಬೆಳಕಿಗೆ ಬೆನ್ನು ಕೊಟ್ಟು ಕತ್ತು ಬಗ್ಗಿಸಿದರು. "ನೋಡು."

ಸೊಸೆ ಒದ್ದೆ ಬಿಳಿ ಬಟ್ಟೆಯಿಂದ ಅವರ ಕತ್ತನ್ನು ಒತ್ತಿ ಒರೆಸಿದಳು. ಬಟ್ಟೆ ಬೆಳ್ಳಗೇ ಇತ್ತು.

ಅಂಗಡಿ ತೆರೆದ ದಿನ ಪ್ರತಿ ಅಂಗಿಯ ಒಳಗೂ ಹುಳು ಇತ್ತು. ಯಾರೋ ತಾಯಿ ಒಂದು ಪುಟ್ಟ ಅಂಗಿಯ ಕೊರಳನ್ನು ಮಗುಚಿ, ಲೇಬಲನ್ನು ಉಗುರಿನಿಂದ ಕೆರೆದು, "ಇದು ಬಣ್ಣ ಬಿಡುತ್ತಾ?" ಎಂದು ಕೇಳಿದಳು. ದರ್ಜಿ ಬಾಯಿ ತೆರೆಯುವ ಮೊದಲೇ ಅತ್ತೆ ತಮ್ಮ ಕೊರಳಪಟ್ಟಿ ತಿರುವಿ ತೋರಿಸಿದರು.

"ಒಂದು ದಿನ ಪೂರ್ತಿ ಬೆವರಿ ನೋಡಿದೀನಿ, ಬಿಡಲ್ಲ. ಬರೆದದ್ದು ನನ್ನ ಸೊಸೆ."

ಮನೆಗೆ ಬಂದ ಮೇಲೆ ಲೇಬಲ್ ಅಕ್ಕ ಕತ್ತರಿ ತೆಗೆದುಕೊಂಡಳು. "ಬನ್ನಿ ಅತ್ತೆ, ಬಿಚ್ಚಿಬಿಡ್ತೀನಿ."

"ಮುಟ್ಟು ನೋಡೋಣ," ಅಂದರು ಅತ್ತೆ.

ಅವಳು ಕತ್ತರಿಯನ್ನು ಜಾಗದಲ್ಲಿಟ್ಟು, ಕೂದಲನ್ನು ಮೇಲೆತ್ತಿ ತುರುಬು ಕಟ್ಟಿ ಕೆಲಸಕ್ಕೆ ಕೂತಳು. ಕತ್ತಿನ ನೀಲಿ ಇನ್ನೂ ಪೂರ್ತಿ ಹೋಗಿರಲಿಲ್ಲ. ಅದನ್ನು ಮುಚ್ಚಿಕೊಳ್ಳಬೇಕೆಂದು ಅವಳಿಗೆ ಅನಿಸಲಿಲ್ಲ.