ಸಾತವ್ವನ ಕರಿಜಾಲಿ

ಗಲಗಲಿಯಲ್ಲಿ ಹಲ್ಲುನೋವು ಬಂದವರಿಗೆ ಮೊದಲು ಬೈಗುಳ ಸಿಗುತ್ತಿತ್ತು, ಆಮೇಲೆ ಔಷಧ. ಬೈಯುವವಳೂ ಔಷಧ ಕೊಡುವವಳೂ ಒಬ್ಬಳೇ: ಕುರಿ ಕಾಯುವ ಗಿರಮಲ್ಲಪ್ಪನ ಹೆಂಡತಿ ಸಾತವ್ವ. ಅರವತ್ತು ದಾಟಿದ್ದರೂ ಅವಳ ಬಾಯಲ್ಲಿ ಒಂದು ಹಲ್ಲೂ ಅಲುಗಿರಲಿಲ್ಲ. ಕಬ್ಬು ಕಡಿಯುವ ದಿನಗಳಲ್ಲಿ ಇಡೀ ಗಳವನ್ನು ಹಲ್ಲಿನಿಂದಲೇ ಸುಲಿದು ತಿನ್ನುತ್ತಿದ್ದಳು. ಊರವರನ್ನು ಗದರಿಸುವ ಹಕ್ಕು ಅವಳಿಗೆ ಅಲ್ಲಿಂದಲೇ ಬಂದಿತ್ತು.

ಔಷಧವೆಲ್ಲ ಹೊಳೆಯ ದಾರಿಯಲ್ಲಿ, ಅವರ ಹೊಲದ ಬದುವಿನ ಮೇಲೆ ನಿಂತಿದ್ದ ಕರಿಜಾಲಿ ಮರದ್ದು. ಬೇರೆಯವರಿಗೆ ಅದು ಚಪ್ಪಲಿ ತೂರಿ ಬರುವ ಮುಳ್ಳಿನ ಮರ. ಸಾತವ್ವನಿಗೆ ಅದರ ಒಂದೊಂದು ಭಾಗದ ಕೆಲಸವೂ ಗೊತ್ತಿತ್ತು. ಎಳೆಯ ಕಡ್ಡಿ ಹಲ್ಲುಜ್ಜಲು. ಒಣಗಿದ ಕಾಯಿಯ ಪುಡಿ ಭೇದಿಯಾಗಿ ಉಚ್ಚಿಕೊಳ್ಳುವ ಕುರಿಮರಿಗೆ. ಬೇಸಿಗೆಯಲ್ಲಿ ಕಾಂಡದಿಂದ ಒಸರುವ ಅಂಟನ್ನು ತುಪ್ಪದಲ್ಲಿ ಅರಳಿಸಿ, ಒಣಕೊಬ್ಬರಿ, ಉತ್ತತ್ತಿ, ಬೆಲ್ಲ ಕೂಡಿಸಿ ಕಟ್ಟಿದ ಅಂಟಿನುಂಡಿ ಬಾಣಂತಿಯರಿಗೆ. ಒಸಡಿನಿಂದ ರಕ್ತ ಬಂದರೆ, ಹಲ್ಲಿನ ಬುಡ ಸಡಿಲಾದರೆ, ಬಾಯಿ ಮುಕ್ಕಳಿಸಲು ತೊಗಟೆಯ ಕಷಾಯ. ಇದನ್ನೆಲ್ಲ ಅವಳಿಗೆ ಕಲಿಸಿದವಳು ಅತ್ತೆ, ಗಿರಮಲ್ಲಪ್ಪನ ತಾಯಿ. ಕಷಾಯ ಕೊಡುವಾಗ ಒಂದು ಮಾತನ್ನು ಮಾತ್ರ ಸಾತವ್ವ ತಾನಾಗಿ ಸೇರಿಸಿದ್ದಳು.

"ಮುಕ್ಕಳಿಸಿ ಉಗುಳ್ರಿ, ನುಂಗಬ್ಯಾಡ್ರಿ ಮತ್ತ. ನುಂಗಿದ್ರ ಮೂರು ದಿನ ಚರಗಿ ಹಿಡಿದು ಬಯಲಿಗೆ ಹೋಗೂ ಕೆಲಸಾನ ಇರೂದಿಲ್ಲ!"

ಹೋದ ವರ್ಷ ಒಂದು ಭಾನುವಾರ ಮುಂಜಾನೆ ಅವಳ ತಮ್ಮ ಮುತ್ತಣ್ಣನ ಮಗಳು ಪೂನಮ್ ಮುಖ ಊದಿಸಿಕೊಂಡು ಬಂದಿಳಿದಳು. ಮಹಾಲಿಂಗಪುರದ ಹುಡುಗಿ, ಫಾರ್ಮಸಿ ಓದಿನ ಕೊನೆಯ ವರ್ಷ. ಸೋದರತ್ತೆ ಸಾತವ್ವನ ಔಷಧವನ್ನೇ ಪ್ರಾಜೆಕ್ಟಿಗೆ ಆರಿಸಿಕೊಂಡಿದ್ದಳು, ಆದರೆ ಅವಳಿಗೆ ಒಂದು ಮಾತೂ ಹೇಳಿರಲಿಲ್ಲ. ಪೇಟೆಯಲ್ಲಿ ಸಿಕ್ಕ ಜಾಲಿ ತೊಗಟೆಯ ಪುಡಿ ತಂದು ಪರೀಕ್ಷೆ ಮಾಡಿದ್ದಳು.

"ಅತ್ತಿ, ನನ್ನ ಪ್ರಾಜೆಕ್ಟ್ ಕೆಟ್ಟು ಹೋತು. ಪುಡಿಯೊಳಗ ಏನೂ ಇಲ್ಲ ಅಂತ ಬರಾಕತ್ತೈತಿ. ನಿನ್ನ ಔಷಧ ಬರೇ ನಂಬಿಕಿ ಅಂತ ಬರೀಬೇಕೇನೊ."

ಸಾತವ್ವ ಪೊಟ್ಟಣ ಬಿಚ್ಚಿ ಒಂದು ಚಿಟಿಕೆ ನಾಲಗೆಯ ಮೇಲೆ ಹಾಕಿಕೊಂಡಳು. ಚಪ್ಪರಿಸಿದಳು. ಉಗುಳಿದಳು.

"ಬಾಯಿ ಒಗರ ಆಗವಲ್ದು. ಇದು ತೊಗಟಿ ಅಲ್ಲ ಬೇ, ಒಳಗಿನ ಕಟಿಗಿ ಬೀಸ್ಯಾರ. ಒಲಿಗೆ ಹಾಕೂದನ್ನ ಔಷಧ ಅಂತ ತಂದೀಯಲ್ಲ, ಶಾಣ್ಯಾಕಿ! ನಡಿ ಹೊಲಕ್ಕ."

ಮರದ ಹತ್ತಿರ ಸಾತವ್ವ ಆತುರಪಡಲಿಲ್ಲ. ಮುಖ್ಯ ಕಾಂಡವನ್ನು ಮುಟ್ಟದೆ, ಬಲಿತ ಕೊಂಬೆಯೊಂದರ ಒಂದೇ ಪಕ್ಕದಿಂದ ಅಂಗೈಯಗಲ ತೊಗಟೆ ತೆಗೆದಳು. ತೆಗೆದ ಜಾಗಕ್ಕೆ ಸಗಣಿ ಬೆರೆಸಿದ ಮಣ್ಣು ಮೆತ್ತಿದಳು. ಸುತ್ತಲೂ ಸುಲಿದರೆ ಕೊಂಬೆ ಒಣಗುತ್ತದೆ, ಈ ಸಲ ತೆಗೆದ ಕೊಂಬೆಯನ್ನು ಮೂರು ವರ್ಷ ಮುಟ್ಟಬಾರದು ಎಂದು ಹೇಳುತ್ತಲೇ ಇದ್ದಳು. ಪೂನಮ್ ಬರೆದುಕೊಳ್ಳುತ್ತಲೇ ಇದ್ದಳು.

ಜಗಳ ಶುರುವಾದದ್ದು ಮನೆಗೆ ಬಂದ ಮೇಲೆ.

"ಒಂದು ಮುಷ್ಟಿ ತೊಗಟಿ, ನಾಕು ತಂಬಗಿ ನೀರು. ಒಂದು ತಂಬಗಿಗೆ ಇಳೀಬೇಕು," ಎಂದಳು ಸಾತವ್ವ.

"ಮುಷ್ಟಿ ಅಂದ್ರ ಎಷ್ಟು ಅತ್ತಿ? ಯಾರ ಮುಷ್ಟಿ?"

"ನನ್ನ ಮುಷ್ಟಿ. ಮತ್ತ್ಯಾರದು?"

ಪೂನಮ್ ಚೀಲದಿಂದ ಪುಟ್ಟ ತಕ್ಕಡಿ ತೆಗೆದಳು. ಬ್ಯಾಟರಿಯಿಂದ ನಡೆಯುವಂಥದು. ಸಾತವ್ವ ಜಜ್ಜಿದ ತೊಗಟೆಯನ್ನು ಮುಷ್ಟಿ ಹಿಡಿದು ಸುರಿದಳು. ನಲವತ್ತೊಂದು ಗ್ರಾಂ. ಇನ್ನೊಮ್ಮೆ ನಲವತ್ತೆರಡು. ಕಣ್ಣು ಮುಚ್ಚಿಸಿ ಮೂರನೆಯ ಸಲ ತೂಗಿದಾಗ ಮತ್ತೆ ನಲವತ್ತೊಂದು. ಪೂನಮ್‌ಳ ಬಾಯಿ ತೆರೆದದ್ದು ತೆರೆದಂತೆಯೇ ಇತ್ತು. ಸಾತವ್ವ ಅವಕಾಶ ಬಿಡಲಿಲ್ಲ, ಬಗ್ಗಿ ಒಳಗೆ ನೋಡಿದಳು. "ಕಡೀ ಹಲ್ಲು ಹುಳುಕ ಹತ್ತೈತಿ. ಚಾಕ್ಲೇಟ್ ಬಿಡು."

ಕಷಾಯ ಮಣ್ಣಿನ ಗಡಿಗೆಯಲ್ಲಿ ಕುದಿಯಿತು. ಕಬ್ಬಿಣದ ಪಾತ್ರೆ ಯಾಕೆ ಬೇಡ ಎಂದು ಪೂನಮ್ ಕೇಳಿದಾಗ ಸಾತವ್ವ ಮೂಲೆಯ ಕುಡುಗೋಲು ತಂದು, ಇಟ್ಟಿಗೆಯಿಂದ ತಿಕ್ಕಿ ಹೊಳೆಯುವಂತೆ ಮಾಡಿ, ಪೇಟೆಯ ಪುಡಿ ನೆನೆಸಿದ ನೀರನ್ನು ಒಂದು ತುದಿಗೆ, ತನ್ನ ಕಷಾಯವನ್ನು ಇನ್ನೊಂದು ತುದಿಗೆ ಹನಿಸಿದಳು. ಪೇಟೆಯದು ಹಾಗೇ ನಿಂತಿತು. ಕೆಂಪು ಚಹದ ಬಣ್ಣದ ಕಷಾಯ ಮಾತ್ರ ನೋಡನೋಡುತ್ತ ಮಸಿಯ ಹಾಗೆ ಕಪ್ಪಾಯಿತು.

"ನಮ್ಮತ್ತಿ ಹಿಂಗ ನೋಡ್ತಿದ್ಳು. ಕರ್ರಗಾದ್ರ ತೊಗಟಿ ಖರೆ. ಆಗಲಿಲ್ಲಂದ್ರ ಖೊಟ್ಟಿ."

ಪೂನಮ್ ಕುಣಿದೇಬಿಟ್ಟಳು. "ಅತ್ತಿ! ಇದು ನಮ್ಮ ಲ್ಯಾಬಿನಾಗಿನ ಟೆಸ್ಟ್! ನಾವು ಕಬ್ಬಿಣದ ಉಪ್ಪಿನ ಹನಿ ಹಾಕ್ತೇವಿ, ನೀ ಕುಡುಗೋಲು ತಗೋತಿ, ಅಷ್ಟ ಫರಕು. ತೊಗಟ್ಯಾಗ ಟ್ಯಾನಿನ್ ಇದ್ರ ಕಪ್ಪಾಕ್ಕೈತಿ. ಅದ ಒಸಡಿನ ಪ್ರೋಟೀನ್ ಹಿಡಿದು ಬಿಗಿ ಮಾಡ್ತೈತಿ, ರಕ್ತ ನಿಲ್ಲಸ್ತೈತಿ."

"ಹೆಸರು ನೀವು ಇಟ್ಟೀರಿ," ಎಂದಳು ಸಾತವ್ವ, ಹೆಮ್ಮೆಯನ್ನು ಮುಚ್ಚಿಡಲು ಒಲೆಯ ಕಡೆ ತಿರುಗಿ. "ಹಸೀ ಚರ್ಮಾನ ಇದ ನೀರಾಗ ನೆನಸಿ ಹದಾ ಮಾಡ್ತಿದ್ರು. ಸತ್ತ ಚರ್ಮಾ ಬಿಗಿ ಮಾಡೂದು, ಜೀವಂತ ಒಸಡು ಬಿಡ್ತೈತೇನು?"

ಅಷ್ಟರಲ್ಲಿ ಹೊರಗೆ ನಾಯಿ ಬೊಗಳಿತು. ಮೋಟಾರ್‌ಸೈಕಲ್ಲಿನಿಂದ ಶಿದ್ರಾಮಪ್ಪ ಇಳಿದ. ಇಪ್ಪತ್ತು ಎಕರೆ ಕಬ್ಬಿನ ಒಡೆಯ, ಎಡಗೆನ್ನೆ ಹಿಡಿದುಕೊಂಡಿದ್ದ.

"ಸಾತವ್ವ, ನಿನ್ನ ಕಷಾಯ ಒಂದು ಬಾಟ್ಲಿ ಕೊಡವಾ. ನಮ್ಮ ಮನಿಯಾಕಿ ಭಾಗವ್ವಗ ವಾರದಾಗ ಕಮ್ಮಿ ಆತಲ್ಲ, ಅದ."

"ಬಾಯಿ ತೆರೀರಿ ಗೌಡ್ರ."

ತಂಬಾಕಿನ ವಾಸನೆಗೆ ಮುಖ ತಿರುಗಿಸದೆ ಸಾತವ್ವ ಬೆಳಕಿಗೆ ಹಿಡಿದು ನೋಡಿದಳು. ಕೆನ್ನೆಯ ಒಳಗೆ ಬಿಳಿಯ ಕಲೆ, ಅದರ ಅಂಚಿನಲ್ಲಿ ಹುಣ್ಣು. ಹುಣ್ಣಾಗಿ ಎಷ್ಟು ದಿನವಾಯಿತೆಂದು ಕೇಳಿದಳು. ಮೂರು ತಿಂಗಳು, ಖಾರ ತಗಲಿದರೆ ಜೀವ ಹೋಗುತ್ತದೆ ಎಂದ. ಅವಳ ಮುಖದ ನಗೆ ಮಾಯವಾಯಿತು.

"ಇದಕ್ಕ ನಾ ಕೊಡೂದಿಲ್ರಿ. ನಾಳೆ ದೊಡ್ಡ ದವಾಖಾನಿಗೆ ಹೋಗ್ರಿ."

"ಹೆಂಡ್ತಿಗಿ ಕೊಟ್ಟಿ, ನನಗ್ಯಾಕ ಇಲ್ಲ? ದವಾಖಾನಿ ಗಿವಾಖಾನಿ ಬ್ಯಾಡ ನನಗ."

"ಒಸಡು ಸಡ್ಲ ಆದ್ರ ನನ್ನ ಹಂತ್ಯಾಕ ಬರ್ರಿ. ಮೂರು ತಿಂಗಳ ಮಾಯದ ಹುಣ್ಣು ಜಾಲಿ ಮಾತು ಕೇಳೂದಿಲ್ಲ." ದನಿ ತಗ್ಗಿಸಿ ಹೇಳಿದಳು. "ನಮ್ಮ ಭಾವಗ ಇಂಥಾದ ಆಗಿತ್ತು. ವರ್ಷಗಟ್ಲೆ ಇದ ಕಷಾಯ ಕುದಿಸಿ ಕುದಿಸಿ ಕೊಟ್ಟಿನಿ. ನೋವು ಕಮ್ಮಿ ಆತು ಅಂತಿದ್ರು, ಒಳಗ ಅದು ಬೆಳ್ಯಾಕತ್ತಿತ್ತು. ಡಾಕ್ಟರ್ ಹಂತ್ಯಾಕ ಹೋಗೂದ್ರಾಗ ವ್ಯಾಳೆ ಮೀರಿತ್ತು. ಆವತ್ತ ಆಣಿ ಮಾಡೇನಿ."

ಶಿದ್ರಾಮಪ್ಪ ಮುನಿಸಿಕೊಂಡು ಗಾಡಿಯ ಕಡೆ ತಿರುಗಿದ. ಸಾತವ್ವ ಅವನಿಗಿಂತ ಮುಂಚೆ ಹೋಗಿ ಚಾವಿ ಕಿತ್ತು ಸೆರಗಿಗೆ ಕಟ್ಟಿಕೊಂಡಳು. ಪೂನಮ್‌ಳ ಫೋನಿನಿಂದ ಭಾಗವ್ವನಿಗೆ ವಿಷಯ ಮುಟ್ಟಿತು. "ಅವರನ್ನ ಅಲ್ಲೇ ಕುಂಡ್ರಿಸಿಕೊಂಡಿರ್ರಿ, ನಾ ಬಂದೆ," ಎಂದ ಭಾಗವ್ವ ಮುಕ್ಕಾಲು ಗಂಟೆಯಲ್ಲಿ ಜೀಪು ತಂದಳು. ಅಷ್ಟು ಹೊತ್ತೂ ಇಪ್ಪತ್ತು ಎಕರೆಯ ಗೌಡ ಕುರಿಹಟ್ಟಿಯ ಮುಂದೆ ಹೊರಸಿನ ಮೇಲೆ ಮಜ್ಜಿಗೆ ಕುಡಿಯುತ್ತ ಕೂತಿದ್ದ. ಹೋಗುವಾಗ ಸಾತವ್ವನ ಕಡೆ ತಿರುಗಿಯೂ ನೋಡಲಿಲ್ಲ.

ಡಾಕ್ಟರರು ಚೂರು ಮಾಂಸ ತೆಗೆದು ಪರೀಕ್ಷೆಗೆ ಕಳಿಸಿದರು. ಇನ್ನೂ ಕ್ಯಾನ್ಸರ್ ಆಗಿರಲಿಲ್ಲ, ಆದರೆ ಆ ದಾರಿ ಹಿಡಿದಿತ್ತು. ಸಣ್ಣ ಆಪರೇಷನ್ನಿನಲ್ಲಿ ಮುಗಿಯಿತು. ತಂಬಾಕಿನ ಚೀಲವನ್ನು ಭಾಗವ್ವನೇ ಹೊಳೆಗೆ ಎಸೆದಳು. ಎರಡು ತಿಂಗಳ ನಂತರ ಶಿದ್ರಾಮಪ್ಪ ಬಂದು, "ನೀ ಅವತ್ತ ಕಷಾಯ ಕೊಟ್ಟಿದ್ರ ನಾ ಇವತ್ತ ಬರ್ತಿದ್ದಿಲ್ಲವಾ," ಎಂದು ಕೈಮುಗಿದ. ಸಾತವ್ವ ಒಲೆಯ ಮೇಲೆ ಚಹ ಇಟ್ಟಳು. ಚಹಕ್ಕೆ ಸಕ್ಕರೆ ಎಷ್ಟು ಎಂದು ಕೇಳಿದಳು.

ಪೂನಮ್‌ಳ ಕೆಲಸವೂ ಗೆದ್ದಿತು. ಬಾಯಿಯ ರೋಗಾಣು ಬೆಳೆಸಿದ ಗಾಜಿನ ತಟ್ಟೆಯಲ್ಲಿ ಕಷಾಯ ಇಟ್ಟ ಕಡೆ ಸುತ್ತಲೂ ಸ್ವಚ್ಛವಾದ ಉಂಗುರ ಮೂಡಿತ್ತು. ಫೋಟೋ ನೋಡಿದ ಸಾತವ್ವ, "ಕುರಿಹಟ್ಟಿಗೆ ಮುಳ್ಳಿನ ಬೇಲಿ ಹಾಕಿದಂಗ ಐತಲ್ಲ, ತೋಳ ಒಳಗ ಬರೂದಿಲ್ಲ," ಎಂದಳು. ಆ ಮಾತನ್ನು ಪೂನಮ್ ಹಾಗೇ ವರದಿಗೆ ಇಳಿಸಿದಳು. ಜಾಲಿ ಯಾವುದಕ್ಕೆ ಆಗುವುದಿಲ್ಲ ಎಂಬುದಕ್ಕೇ ಒಂದು ಅಧ್ಯಾಯ ಬರೆದಳು. ಪರೀಕ್ಷಕರು ಹೆಚ್ಚು ಹೊತ್ತು ಓದಿದ್ದು ಅದನ್ನೇ.

ಈ ವರ್ಷ ಅವಳ ಪ್ರಾಧ್ಯಾಪಕ ನಾಮದೇವ ಸರ್ ಮೂವತ್ತು ವಿದ್ಯಾರ್ಥಿಗಳನ್ನು ಬಸ್ಸಿನಲ್ಲಿ ಗಲಗಲಿಗೆ ಕರೆತಂದರು. ಮರ ತೋರಿಸಿ, ನಾಲ್ಕು ಮಾತು ಹೇಳಿ ಎಂದು ಕೇಳಿಕೊಂಡರು. ಸಾತವ್ವನಿಗೆ ಭಾಷಣ ಬರುತ್ತಿರಲಿಲ್ಲ. ಜಾಲಿಯ ನೆರಳಿನಲ್ಲಿ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ಒಬ್ಬೊಬ್ಬರ ಬಾಯಿ ತೆರೆಸುತ್ತ ಬಂದಳು. ಇಬ್ಬರಿಗೆ ಹುಳುಕು ಹಲ್ಲು, ಒಬ್ಬನಿಗೆ ಗುಟ್ಕಾ ಬಿಡೆಂದು ಬೈಗುಳ. ಕೊನೆಯಲ್ಲಿ ನಗುತ್ತ ನಿಂತಿದ್ದ ಸರ್ ಎದುರು ಬಂದು ನಿಂತಳು.

"ನೀವೂ ತೆರೀರಿ."