ಬೇಸ್‌ಮೆಂಟಿಗೆ ಬಂದ ಫೆಡರಲ್ ಆಫೀಸರ್

ಒಬ್ಬ ಹುಡುಗಿಯನ್ನು ಹೆದರಿಸಿ ಮನೆ ಖಾಲಿ ಮಾಡಿಸಲು ನಾನು ಹೊರಟಿದ್ದೆ. ಹೌದು, ನಾನೇ. ಪ್ರತಿ ವಾರ ಇಲ್ಲಿ ಕೂತು ನಿಮಗೆ ಬುದ್ಧಿ ಹೇಳುವವನು!

ಮಿಸಿಸಾಗದ ನಮ್ಮ ಬೇಸ್‌ಮೆಂಟಿನಲ್ಲಿ ಶಿವಲೀಲಾ ಬಾಡಿಗೆಗಿದ್ದಾಳೆ. ಗದಗಿನವಳು, ಕಾಲೇಜು ವಿದ್ಯಾರ್ಥಿನಿ. ಕಳೆದ ತಿಂಗಳು ನನ್ನ ನಾದಿನಿಯ ಸಂಸಾರ ಇಮಿಗ್ರೇಷನ್ ಸಿಕ್ಕಿ ಇಲ್ಲಿಗೆ ಹೊರಟು ನಿಂತಿತು. "ಎರಡು ವಾರದಲ್ಲಿ ಖಾಲಿ ಮಾಡಮ್ಮ" ಎಂದೆ.

"ಪರೀಕ್ಷಾ ಅದಾವ್ರಿ ಅಂಕಲ್. ಈ ಚಳ್ಯಾಗ ಎಲ್ಲಿ ಹೋಗ್ಲಿ?" ಎಂದಳು.

ಆಗ ಪಕ್ಕದ ಮನೆಯ ಮಂಗಳಾ ನೆನಪಾದರು. ಮೈಸೂರಿನವರು, ಏರ್‌ಪೋರ್ಟಿನಲ್ಲಿ ಫೆಡರಲ್, ಅಂದರೆ ಕೇಂದ್ರ ಸರ್ಕಾರದ ಆಫೀಸರ್. ಬಂದಿಳಿದವರ ಪಾಸ್‌ಪೋರ್ಟು ನೋಡಿ ಒಳಗೆ ಬಿಡುವ ಕೆಲಸ. ಫೋನ್ ಮಾಡಿ ವಿಷಯ ಹೇಳಿದೆ. "ಶಿಫ್ಟ್ ಮುಗಿಸಿ ಯೂನಿಫಾರ್ಮಲ್ಲೇ ಬನ್ನಿ ಮೇಡಂ. ಏನೂ ಮಾತಾಡ್ಬೇಡಿ, ಸುಮ್ನೆ ನನ್ನ ಪಕ್ಕ ನಿಂತ್ಕೊಳ್ಳಿ, ಸಾಕು."

ಕಾನೂನು ಗೊತ್ತಿಲ್ಲದವರ ಎದುರು ಯೂನಿಫಾರ್ಮಿಗೆ ಬೌಂಡರಿಯೇ ಇರುವುದಿಲ್ಲ. ನನಗೆ ಬೇಕಿದ್ದುದೂ ಅದೇ ಅಲ್ಲವೇ?

ಮಂಗಳಾ ಬಂದರು. ಆದರೆ ಮನೆಗೆ ಹೋಗಿ ಸ್ವೆಟರ್ ಹಾಕಿಕೊಂಡು ಬಂದಿದ್ದರು. ನಾನು ಬಿಟ್ಟೆನೇ? ಕೆಳಗಿಳಿದವನೇ, "ಇವರು ಏರ್‌ಪೋರ್ಟಲ್ಲಿ ಆಫೀಸರು" ಎಂದು ಪರಿಚಯಿಸಿದೆ.

ಶಿವಲೀಲಾಳ ಮುಖ ಬಿಳಿಚಿತು. ಒಳಗೆ ಹೋಗಿ ಪಾಸ್‌ಪೋರ್ಟು, ಸ್ಟಡಿ ಪರ್ಮಿಟ್ಟು ತಂದು ಚಾಚಿದಳು. (ಕೇಳಿದವರು ಯಾರು?)

ಮಂಗಳಾ ಅವನ್ನು ಮುಟ್ಟಲಿಲ್ಲ.

"ಒಳಗಿಡಮ್ಮ. ನಾನು ಫೆಡರಲ್. ಬಾಡಿಗೆ ವಿಷಯ ಪ್ರಾವಿನ್ಸ್, ಅಂದ್ರೆ ರಾಜ್ಯದ ಕಾನೂನು. ಅದ್ರಲ್ಲಿ ನಂಗೆ ಯಾವ ಅಧಿಕಾರಾನೂ ಇಲ್ಲ. ನಿನ್ನ ವೀಸಾಗೂ ಇದಕ್ಕೂ ಸಂಬಂಧಾನೇ ಇಲ್ಲ." ಆಮೇಲೆ ನನ್ನ ಕಡೆ ತಿರುಗಿದರು. "ಇವಳನ್ನ ಕಳಿಸೋ ಅಧಿಕಾರ ನಿಮಗೂ ಇಲ್ಲ ಸಾರ್. ನಾದಿನಿ ಬರ್ತಾರೆ ಅಂತ ಬಾಡಿಗೆಯವ್ರನ್ನ ಬಿಡಿಸೋ ಹಾಗಿಲ್ಲ. ಬೇಕಾದ್ರೆ ಬಾಡಿಗೆ ತಕರಾರು ತೀರಿಸೋ ಸರ್ಕಾರಿ ಬೋರ್ಡಿಗೆ ಫೋನ್ ಮಾಡಿ ಕೇಳಿ."

ಮೆಟ್ಟಿಲು ಹತ್ತುವಾಗ ನನಗೆ ಸಿಟ್ಟು. "ನಮ್ಮವರು ಅಂತ ಕರೆದ್ರೆ ಹೀಗಾ ಮೇಡಂ?"

"ಆ ಹುಡುಗಿ ಯಾರವಳು ಸಾರ್?" ಎಂದರು, ತಣ್ಣಗೆ.

ರಾತ್ರಿಯೆಲ್ಲ ಪಾಸ್‌ಪೋರ್ಟು ಚಾಚಿದ ಆ ಕೈಯೇ ಕಣ್ಣ ಮುಂದೆ. ಮರುದಿನ ಕೆಳಗೆ ಹೋಗಿ ತಪ್ಪಾಯಿತು ಎಂದೆ. ಓದು ಮುಗಿಯುವವರೆಗೂ ಇರು ಎಂದೆ. "ಆತ್ರಿ" ಎಂದಳು, ಅಷ್ಟೆ. ನಾದಿನಿಯ ಸಂಸಾರ ಈಗ ನಮ್ಮ ಲಿವಿಂಗ್ ರೂಮಿನಲ್ಲಿ ಹಾಸಿಗೆ ಹಾಸಿಕೊಂಡಿದೆ. ಬೆಳಿಗ್ಗೆ ಬಾತ್‌ರೂಮಿಗೆ ಕ್ಯೂ. ಅದರಿಂದ ಯಾರ ಜೀವವೂ ಹೋಗಿಲ್ಲ.

ಬದಲಾದದ್ದು ಒಂದೇ. ನಾನು ಬೇಸ್‌ಮೆಂಟಿನ ಬಾಗಿಲು ತಟ್ಟಿದರೆ, ತೆರೆಯುವ ಮೊದಲು ಒಳಗಿನಿಂದ ದನಿ ಬರುತ್ತದೆ: "ಅಂಕಲ್, ನೀವೊಬ್ರ ಬಂದೀರೇನ್ರಿ?"